ಟೇಬಲ್ ಮಾಡುವುದು ಎಂದರೆ

“ಶಾಲೆ ವಿಷಯ ಟೇಬಲ್ ಮಾಡೋಣ ಅಂತೀನಿ,” ಎಂದ ಹಿಂದಿನ ಸಾಲಿನಿಂದ ಮೆರಿಟ್. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಲೋರ್ನಾ.

ಅಮೆರಿಕದ ವರ್ಮಾಂಟಿನ ನಮ್ಮೂರಿನಲ್ಲಿ, ಊರವರೆಲ್ಲ ಕೈ ಎತ್ತಿ ತೀರ್ಮಾನಿಸುವ ಮಾರ್ಚ್ ಸಭೆ ಶಾಲೆಯ ಊಟದ ಕೋಣೆಯಲ್ಲೇ ಸೇರುತ್ತದೆ. ಲೋರ್ನಾ ಅಲ್ಲಿನ ಅಡುಗೆಯವಳು. ಸೂಪು ಬಡಿಸುತ್ತಲೇ ಮಕ್ಕಳಿಂದ ಏಳರ ಟೇಬಲ್, ಅಂದರೆ ಮಗ್ಗಿ, ಹೇಳಿಸುವವಳು. ಇರುವುದು ಹದಿನೆಂಟೇ ಮಕ್ಕಳು. ಇಂದಿನ ಸಭೆ ‘ಶಾಲೆ ಉಳಿಯಲಿ’ ಎನ್ನದಿದ್ದರೆ ಜೂನ್‌ನಲ್ಲಿ ಬೀಗ. ಅದಕ್ಕೆಂದೇ ಅವಳು ಚಳಿಗಾಲವಿಡೀ ಹಿಮ ತುಳಿದು ಮನೆಮನೆ ಅಲೆದಿದ್ದಳು. ಅವಳ ಕೈ ನೋಡಿ ಅವಳ ಕಡೆಯವರೆಲ್ಲ ಕೈ ಎತ್ತಿಬಿಟ್ಟರು.

“ಆಯ್ತು. ಮುಂದಿನ ವಿಷಯ, ಹಿಮ ಕರಗೋಕೆ ರಸ್ತೆಗೆ ಉಪ್ಪು,” ಎಂದು ಅಧ್ಯಕ್ಷ ಆರ್ವಿಲ್ ಸುತ್ತಿಗೆ ಕುಟ್ಟಿದ.

“ಅಯ್ಯೋ, ನಾನಿನ್ನೂ ಬಾಯೇ ಬಿಟ್ಟಿಲ್ವಲ್ಲ!”

“ಟೇಬಲ್ ಮಾಡಿದ್ಮೇಲೆ ಇನ್ನೇನಮ್ಮ ಮಾತು? ಬದಿಗಿಟ್ಟಾಯ್ತು.”

“ಬದಿಗಾ? ನಮ್ಮ ಕಡೆ ಟೇಬಲ್ ಮಾಡೋದು ಅಂದ್ರೆ ಈಗಲೇ ಮುಂದಿಟ್ಟು ಮಾತಾಡೋದು!”

“ಇದು ಏಳರ ಟೇಬಲ್ ಅಲ್ಲ ಲೋರ್ನಾ!” ಎಂದು ಯಾರೋ ಕೂಗಿದರು. ಸಭೆ ಗೊಳ್ಳೆಂದಿತು. ಪಾಪ, ಅವಳ ತಾಯಿ ನಮ್ಮೂರಿನವಳೇ, ಹಾಗಾಗಿ ಇಲ್ಲಿ ಮತವೂ ಉಂಟು. ಆದರೆ ಬೆಳೆದದ್ದೆಲ್ಲ ಕೆನಡಾದಲ್ಲಿ. ಗಡಿ ಇರುವುದು ಮೂವತ್ತು ಮೈಲಿ ಆಚೆ, ಅವಳದೂ ನಮ್ಮದೂ ಅದೇ ಇಂಗ್ಲಿಷು. ಆ ಒಂದು ಹಾಳು ಮಾತು ಮಾತ್ರ ಗಡಿ ದಾಟುವಾಗ ತಲೆಕೆಳಗಾಗುತ್ತದೆ.

ಅಡುಗೆಮನೆಯಲ್ಲಿ ಅವಳು ಕಣ್ಣೀರು ಹಾಕುತ್ತಿದ್ದಾಗ ಗೆಳತಿ ಹೇಜಲ್ ಒಳಗೆ ಬಂದಳು. “ಅಳಬೇಡ ಕಣೆ. ಊಟ ಆದ್ಮೇಲೆ ಯಾರಾದ್ರೂ ಕೇಳಿದ್ರೆ ವಾಪಸ್ ಎತ್ಕೋಬಹುದು. ಆದ್ರೆ ನಿನ್ನ ಕಡೆಯವರು ಪೈ ತಿಂದದ್ದೇ ತಡ, ಹಾಲು ಕರೆಯೋಕೆ ಓಡ್ತಾರೆ.”

ಲೋರ್ನಾ ಮೂಗು ಒರೆಸಿಕೊಂಡಳು. ಸೇಬು ತುಂಬಿ ಬೇಯಿಸಿದ ಹನ್ನೆರಡು ಪೈಗಳನ್ನೂ ಬೀರುವಿಗೆ ಸೇರಿಸಿ ಬೀಗ ಹಾಕಿದಳು.

ಊಟ ಮುಗಿಯಿತು. ಜನ ಕೋಟು ಹಾಕಿಕೊಂಡು ಅತ್ತಿತ್ತ ನೋಡತೊಡಗಿದರು.

“ಪೈ ಎಲ್ಲಮ್ಮಾ?” ಮೆರಿಟ್ ಕೇಳಿಯೇಬಿಟ್ಟ.

“ಟೇಬಲ್ ಮಾಡಿದೀನಿ. ನಿಮ್ಮೂರಿನ ಅರ್ಥದಲ್ಲಿ.”

ಆರ್ವಿಲ್ ನಗು ತಡೆಯಲಾರದೆ ಕುಳಿತುಬಿಟ್ಟ. ಕೋಟುಗಳು ಮತ್ತೆ ಕುರ್ಚಿಗಳ ಬೆನ್ನಿಗೆ ಬಿದ್ದವು. ಹೇಜಲ್ ಎದ್ದು ಕೇಳಿದಳು, ಶಾಲೆಯ ವಿಷಯ ವಾಪಸ್ ಬಂತು, ಲೋರ್ನಾ ಮುಂದೆ ಬಂದು ಮಾತಾಡಿದಳು. ಆರ್ವಿಲ್ ಕೈಗಳನ್ನು ಎರಡು ಸಲ ಎಣಿಸಿದ. ಉಳಿಯಲಿ ಎಂದವರು ಅರವತ್ತಮೂರು, ಬೇಡವೆಂದವರು ಐವತ್ತೆಂಟು. ಮೆರಿಟ್ ಬೇಡವೆಂದವರಲ್ಲೇ ಇದ್ದ.

ಅಷ್ಟರಲ್ಲಿ ದೊಡ್ಡ ಕುರ್ಚಿಗಳೆಲ್ಲ ತುಂಬಿದ್ದವು. ಅವನು ಒಂದನೇ ತರಗತಿಯ ಪುಟ್ಟ ಟೇಬಲ್ಲಿನ ಮುಂದೆ, ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತಿದ್ದ. ಲೋರ್ನಾ ಮೊದಲ ತುಂಡು ಅವನ ಮುಂದಿಟ್ಟಳು.