ಪ್ರೇಮಾ ಮೇಡಂ ಕೊರಳಿನ ಸೀಟಿ

ನಾನು ಒಂದು ಹಿತ್ತಾಳೆಯ ಸೀಟಿ. ಮೀರತ್ ಊರಿನ ಇಕ್ಕಟ್ಟಾದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ತಗಡನ್ನು ಅಚ್ಚಿಗೆ ಒತ್ತಿ, ಬಗ್ಗಿಸಿ, ಬೆಸುಗೆ ಹಾಕಿದರು. ಒಬ್ಬಾತ ಒಮ್ಮೆ ಊದಿ ನೋಡಿ ಬುಟ್ಟಿಗೆ ಎಸೆದ. ಅದೇ ನನ್ನ ಮೊದಲ ಅಳು.

ನವಲಗುಂದದ ಶಾಲೆಯೊಂದರ ವ್ಯಾಯಾಮ ಶಿಕ್ಷಕ ಗಣಾಚಾರಿ ಮಾಸ್ತರರು ನನ್ನನ್ನು ಕೊಂಡರು. ಅವರ ಶಿಷ್ಯೆ ಪ್ರೇಮಾ ಹುದ್ದಾರ. ಎರೆಮಣ್ಣಿನ ದಾರಿಯಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ಹುಡುಗಿ ಎಂಟುನೂರು, ಸಾವಿರದೈನೂರು ಮೀಟರ್ ಓಟಗಳಲ್ಲಿ ರಾಜ್ಯಕ್ಕೇ ಮೊದಲಿಗಳಾದಳು. ಮೊಣಕಾಲ ಕೆಳಗೆ ಎಲುಬು ನೋಯುತ್ತದೆ ಎಂದಾಗ ಮಾಸ್ತರರು, “ಓಡೋರಿಗೆ ನೋವು ಇರೋದವ್ವಾ. ಹೊಡಿ ಇನ್ನೊಂದು ಸುತ್ತು,” ಎಂದು ನನ್ನನ್ನು ಊದುತ್ತಿದ್ದರು. ರಾಷ್ಟ್ರೀಯ ಕೂಟದ ಕೊನೆಯ ತಿರುವಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು ಕುಸಿದಳು. ಎಲುಬು ಮುರಿದಿತ್ತು. ಓಟ ಅಲ್ಲಿಗೇ ಮುಗಿಯಿತು. ಮಾಸ್ತರರು ಮತ್ತೆ ನನ್ನನ್ನು ಬಾಯಿಗಿಡಲಿಲ್ಲ. ನಿವೃತ್ತರಾದಾಗ ಅವಳ ಕೈಗೇ ಕೊಟ್ಟುಬಿಟ್ಟರು.

ಪ್ರೇಮಾ ಧಾರವಾಡದಲ್ಲಿ ಅಂಚೆ ಕಚೇರಿಯ ಕೆಲಸಕ್ಕೆ ಸೇರಿದರು. ಮುಂಜಾನೆ ಕಚೇರಿಗೆ ಮುಂಚೆ, ಸಂಜೆ ಕಚೇರಿ ಬಿಟ್ಟ ಮೇಲೆ ಹತ್ತಿರದ ಕಾಲೇಜಿನ ಮೈದಾನಕ್ಕೆ ಬಂದು ಹುಡುಗಿಯರನ್ನು ಓಡಿಸುತ್ತಿದ್ದರು. ಯಾರೂ ಕರೆದಿರಲಿಲ್ಲ, ಸಂಬಳವೂ ಇರಲಿಲ್ಲ. ನಾನು ಕೊರಳಲ್ಲಿ ತೂಗುತ್ತಿದ್ದೆ. ಅವರ ಎದೆಬಡಿತ ನೇರ ನನಗೆ ತಾಗುತ್ತಿತ್ತು.

ಗಾದಿ ಹೊಲಿಯುವವರ ಮಗಳು ಶಕೀಲಾ ನದಾಫ ಓಡುವಾಗ ಆ ಎದೆ ಉಸಿರು ಹಿಡಿದು ನಿಲ್ಲುತ್ತಿತ್ತು. ವಿಶ್ವವಿದ್ಯಾಲಯದ ಕೂಟ ಹತ್ತಿರ ಬಂತು; ಶಕೀಲಾಳದು ಸಾವಿರದೈನೂರು ಮೀಟರ್ ಓಟ. ಗೆದ್ದವಳನ್ನು ರೈಲ್ವೆ ನೌಕರಿಗೆ ಆರಿಸಲು ಅಧಿಕಾರಿಗಳು ಬರುತ್ತಾರೆಂಬ ಸುದ್ದಿಯೂ ಬಂತು. ಅದೇ ವಾರ ಶಕೀಲಾ ಕುಂಟುವುದನ್ನು ಮೇಡಂ ಕಂಡರು. ಅವಳ ಕಾಲಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತಿದರು. ಹುಡುಗಿ ಹಲ್ಲು ಕಚ್ಚಿದಳು. ಎಕ್ಸ್‌ರೇಯಲ್ಲಿ ಸಣ್ಣ ಬಿರುಕು ಕಂಡಿತು.

“ನಾಕು ಸುತ್ತೂ ಇಲ್ರೀ ಮೇಡಂ. ಹೆಂಗರ ಮುಗಸ್ತೀನಿ,” ಎಂದಳು ಶಕೀಲಾ.

“ಬ್ಯಾಡವ್ವಾ. ನಾನೂ ಹಂಗ ಅಂದಿದ್ದೆ.”

ಶಕೀಲಾಳನ್ನು ಓಡಿಸುವುದಿಲ್ಲವೆಂದು ತಿಳಿದ ಕಾಲೇಜಿನ ಪ್ರಾಚಾರ್ಯರು ಮೇಡಂ ಅವರನ್ನು ಕರೆಸಿ ಕೇಳಿದರು, “ಸಂಬಳ ಇಲ್ದ ಬಂದವ್ರು ನೀವು. ನಿಮಗ್ಯಾಕ್ರೀ ಈ ಹೊಣಿ?”

“ಸಂಬಳ ಇಲ್ರೀ ಸರ್. ಹೊಣಿ ಐತಿ.”

ಕೂಟದ ದಿನ ಶಕೀಲಾ ಯಾರ ಮಾತೂ ಕೇಳದೆ ಬೂಟು ಕಟ್ಟಿಕೊಂಡು ನಿಂತಳು. ಮೇಡಂ ಕೂಟದ ಅಧಿಕಾರಿಗಳ ಮೇಜಿನ ಬಳಿ ಹೋಗಿ ಓಟದ ಪಟ್ಟಿಯಿಂದ ಅವಳ ಹೆಸರು ಹೊಡೆದು ಹಾಕಿಸಿದರು. ಆಗ ಅವರ ಎದೆ ಬಡಿದುಕೊಂಡ ರಭಸಕ್ಕೆ ನಾನು ಅಲುಗಾಡಿದೆ. ಹುಡುಗಿ ಎಲ್ಲರೆದುರೇ ಕಿರುಚಿದಳು: “ನನ್ನ ಹೊಟ್ಟಿ ಮ್ಯಾಲೆ ಹೊಡದ್ರಿ ಮೇಡಂ! ನಿಮಗ ಸಿಗಲಿಲ್ಲಂತ ನನಗೂ ಸಿಗಬಾರದೇನು?”

ಶಕೀಲಾ ಹಲವು ಸಲ ಸೋಲಿಸಿದ್ದ ಹುಡುಗಿಯೊಬ್ಬಳು ಅಂದು ಗೆದ್ದಳು. ನೌಕರಿಯೂ ಅವಳಿಗೇ ಹೋಯಿತು.

ಮರುದಿನ ಪ್ರಾಚಾರ್ಯರು, “ಇನ್ನ ಮ್ಯಾಲೆ ನೀವು ಬರೋದು ಬ್ಯಾಡ,” ಎಂದರು. ಮೇಡಂ ನನ್ನನ್ನು ಕೊರಳಿನಿಂದ ತೆಗೆದು ಅವರ ಮೇಜಿನ ಮೇಲಿಟ್ಟು ಹೊರಟುಹೋದರು. ಜವಾನ ನನ್ನನ್ನು ಕ್ರೀಡಾ ಕೋಣೆಯ ಕಪಾಟಿಗೆ ಎಸೆದ. ಗಾಳಿ ಹೋದ ಚೆಂಡುಗಳ ನಡುವೆ ಕಿಲುಬು ಹಿಡಿಯುತ್ತ ಬಿದ್ದಿದ್ದೆ. ಹೊರಗೆ ಯಾರೋ ಓಡುವ ಸದ್ದು ಕೇಳುತ್ತಿತ್ತು. ಓಡಿಸುವ ದನಿ ಕೇಳುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಏನನ್ನೋ ಹುಡುಕುತ್ತ ಬಂದ ಶಕೀಲಾಳ ಕಣ್ಣಿಗೆ ಬಿದ್ದೆ. ಬಹಳ ಹೊತ್ತು ನೋಡಿದಳು. ಆಮೇಲೆ ಮುಷ್ಟಿಯಲ್ಲಿ ಹಿಡಿದು ನೇರ ಮೇಡಂ ಮನೆಗೆ ನಡೆದಳು. ಹೊಸ್ತಿಲಾಚೆಯೇ ನಿಂತು ಹೇಳಿದಳು: “ನಿಮ್ಮ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ರೀ. ಆದ್ರ ನನ್ನ ಓಡಸಾಕ ನಿಮ್ಮ ಬಿಟ್ರ ಯಾರದಾರ?”

“ಸಿಟ್ಟು ಇರಲವ್ವಾ,” ಎಂದರು ಮೇಡಂ. “ಮೊದಲ ಕಾಲು ತೋರಸು.”

ಶಕೀಲಾ ಮತ್ತೆ ಓಡಿದಳು. ಗೆದ್ದಳು, ಸೋತಳು. ಆ ನೌಕರಿ ಮಾತ್ರ ಮತ್ತೆ ಬರಲಿಲ್ಲ. ಇಂದು ಅಪ್ಪನ ಅಂಗಡಿಯಲ್ಲಿ ಗಾದಿ ಹೊಲಿಯುತ್ತಾಳೆ.

ನನಗೀಗ ಮುಪ್ಪು. ಬೆಸುಗೆ ಬಿಟ್ಟಿದೆ, ಊದಿದರೆ ಬರೀ ಗಾಳಿ. ಮೇಡಂ ಮನೆಯ ಮೊಳೆಯೊಂದಕ್ಕೆ ನೇತಾಡುತ್ತೇನೆ. ‘ಓಡು’ ಎಂದು ಕೂಗುವುದು ನನಗೆ ಸುಲಭವಾಗಿತ್ತು. ‘ನಿಲ್ಲು’ ಎನ್ನುವುದು ಎಷ್ಟು ಭಾರವೆಂದು ಅವರ ಎದೆಯ ಮೇಲಿದ್ದು ಅರಿತೆ. ಕೆಲವು ಸಂಜೆ ಮೇಡಂ ನನ್ನನ್ನು ಕೈಗೆತ್ತಿಕೊಂಡು, “ನಾ ಮಾಡಿದ್ದು ಸರಿ ಆತೋ ಇಲ್ಲೋ?” ಎಂದು ತಮ್ಮಷ್ಟಕ್ಕೇ ಕೇಳಿಕೊಳ್ಳುತ್ತಾರೆ. ಆಮೇಲೆ ನನ್ನನ್ನು ಮತ್ತೆ ಅದೇ ಮೊಳೆಗೆ ತೂಗುಹಾಕುತ್ತಾರೆ.