ಹೇಳಿಕೊಡದ ಮಾತು

ದಾನವ್ವನ ಶರತ್ತು ಒಂದೇ ಆಗಿತ್ತು. ಪಾತ್ರವನ್ನೇನೋ ಮಾಡುತ್ತಾಳೆ, ಆದರೆ ಸ್ಟೇಜಿನ ಪಕ್ಕದ ವಿಂಗಿನಲ್ಲಿ ಮರೆಯಾಗಿ ಕೂತು ಎಲ್ಲರಿಗೂ ಮಾತು ಹೇಳಿಕೊಡುವ ಸಿದ್ದಲಿಂಗಪ್ಪ ಅವಳ ಸರದಿ ಬಂದಾಗ ತುಟಿ ಬಿಚ್ಚಬಾರದು.

ಭಾಂಡುಪಿನ ಆ ಹೊರನಾಡ ಕನ್ನಡ ಮಂಡಳಿಗೆ ಅವನನ್ನು ಬಿಟ್ಟರೆ ಗತಿಯೂ ಇರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ಕನ್ನಡ ಓದಲು ಬಾರದು. ಹಿಂದಿ ಅಕ್ಷರದಲ್ಲಿ ಬರೆದುಕೊಂಡು ಉರುಹೊಡೆಯುತ್ತಾರೆ, ಸ್ಟೇಜಿಗೆ ಬಂದ ಕೂಡಲೇ ಮರೆಯುತ್ತಾರೆ. ನಾಟಕ ಆಡಿಸುತ್ತಿದ್ದ ನೇತ್ರಾ ಶರತ್ತಿಗೆ ಹೂಂ ಅಂದಳು. ಓದು ಬಾರದ ದಾನವ್ವ ತನ್ನ ಮಾತುಗಳನ್ನೆಲ್ಲ ನೇತ್ರಾಳ ದನಿಯಲ್ಲಿ ಮೊಬೈಲಿಗೆ ತುಂಬಿಸಿಕೊಂಡು, ರೊಟ್ಟಿ ಬಡಿಯುತ್ತ ಕೇಳಿ ಕೇಳಿ ಬಾಯಿಪಾಠ ಮಾಡಿದಳು. ಆ ಮನುಷ್ಯನ ಒಂದಕ್ಷರದ ಹಂಗೂ ಅವಳಿಗೆ ಬೇಡವಾಗಿತ್ತು.

ಕಾರಣ ಅವರಿದ್ದ ಚಾಳಿನ ಮನೆಮನೆಗೂ ಗೊತ್ತು. ಹಿಂದೆ ಫ್ಯಾಕ್ಟರಿಯಲ್ಲಿ ಸ್ಟ್ರೈಕ್ ನಡೆದಾಗ ಮುಂದಾಳುಗಳ ಹೆಸರನ್ನು ಸಾಹೇಬರ ಕಿವಿಗೆ ಹಾಕಿದವನು ಸಿದ್ದಲಿಂಗಪ್ಪ. ಅದರಲ್ಲಿ ಮೊದಲನೆಯದು ದಾನವ್ವನ ಗಂಡ ಈರಣ್ಣನದು. ಅಣ್ಣಾ ಅಣ್ಣಾ ಎಂದು ಬೆನ್ನು ಹತ್ತಿ ತಿರುಗಿದವನೇ ಅಂಥ ಕೆಲಸ ಮಾಡಿದ. ನೌಕರಿ ಹೋದ ಈರಣ್ಣ ಸ್ಟೇಷನ್ ಹೊರಗೆ ಕೈಗಾಡಿ ತಳ್ಳುತ್ತಲೇ ತೀರಿಕೊಂಡ. ಅಂದಿನಿಂದ ಒಂದೇ ಚಾಳಿನಲ್ಲಿ ಎದುರುಬದುರು ಬದುಕಿಯೂ ದಾನವ್ವ ಅವನೊಂದಿಗೆ ಮಾತು ಬಿಟ್ಟಿದ್ದಳು.

ನಾಟಕದಲ್ಲಿ ಅವಳದು ತಾಯಿಯ ಪಾತ್ರ. ಮಗನನ್ನು ಕೊಂದವನು ಕೊನೆಗೆ ಬಂದು ಕಾಲಿಗೆ ಬೀಳುತ್ತಾನೆ. 'ಏಳು, ನಿನ್ನನ್ನು ಕ್ಷಮಿಸಿದ್ದೇನೆ' ಎಂದು ತಾಯಿ ಅವನನ್ನು ಎಬ್ಬಿಸಬೇಕು.

ಆ ಸಂಜೆ ಹಾಲ್ ತುಂಬಿತ್ತು. ದಾನವ್ವ ಒಂದು ಮಾತೂ ತಪ್ಪದೆ ಗತ್ತಿನಿಂದ ಆಡಿದಳು, ಜನ ಸಿಳ್ಳೆ ಹೊಡೆದರು. ಕೊನೆಗೆ ಕೊಲೆಗಾರನ ಪಾತ್ರದ ಅಮಿತ ಬಂದು ಕಾಲಿಗೆ ಬಿದ್ದ. ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಹೊರಬೀಳಲಿಲ್ಲ. ತಾಲೀಮಿನಲ್ಲಿ ಸಲೀಸಾಗಿ ಆಡಿದ್ದು, ಈಗ ಇಷ್ಟು ಜನರೆದುರು ಸಿದ್ದಲಿಂಗಪ್ಪ ಕೇಳಿಸಿಕೊಳ್ಳುತ್ತಿರುವಾಗ ಸುಳ್ಳು ಹೇಳಿದಂತೆ ಅನ್ನಿಸಿತು. ಅವಳಿಗೆ ಸುಳ್ಳು ಆಡಿ ರೂಢಿಯಿರಲಿಲ್ಲ.

ಅಮಿತ ಪಾಪ ಬಿದ್ದಲ್ಲೇ ಬಿದ್ದಿದ್ದ, ಏಳು ಅನ್ನದೆ ಏಳುವ ಹಾಗಿಲ್ಲವಲ್ಲ. ನೇತ್ರಾ ಶರತ್ತನ್ನು ಮರೆತು, ಹೇಳಿಕೊಡಿ ಎಂದು ಸಿದ್ದಲಿಂಗಪ್ಪನ ಭುಜ ಅಲುಗಿಸಿದಳು. ದಾನವ್ವ ಅತ್ತ ನೋಡಿದಳು. ಅವನ ಬೆರಳು ಆ ಸಾಲಿನ ಮೇಲೇ ಇತ್ತು. ಅವನು ಆಗುವುದಿಲ್ಲವೆಂದು ತಲೆಯಾಡಿಸಿದ, ಕಣ್ಣು ತುಂಬಿತ್ತು. ಎಲ್ಲರಿಗೂ ಮಾತು ಹೇಳಿಕೊಡುವವನಿಗೆ ಕ್ಷಮಿಸಿದೆ ಅನ್ನುವ ಮಾತನ್ನು ಅವಳ ಬಾಯಿಗೆ ಹಾಕುವ ಧೈರ್ಯವಿರಲಿಲ್ಲ. ಕ್ಷಮೆಯನ್ನು ತಾನಾಗಿ ಕೊಡಬೇಕಾದವಳು ಅವಳೊಬ್ಬಳೇ ಎಂದು ಅವನಿಗೆ ಗೊತ್ತಿದೆ ಅನ್ನುವುದು ದಾನವ್ವನಿಗೆ ಅಲ್ಲಿ ನಿಂತೇ ತಿಳಿಯಿತು.

ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ವಿಂಗಿನ ಕಡೆಗೇ ಮುಖ ಮಾಡಿ, ಕಡೆಯ ಸಾಲಿಗೂ ಕೇಳುವಂತೆ ಹೇಳಿದಳು.

"ಏಳಪಾ. ನಿನ್ನ ಮ್ಯಾಲಿನ ಸಿಟ್ಟು ಹೊತ್ತು ಹೊತ್ತು ನನಗೂ ಸಾಕಾಗೈತಿ. ಇವತ್ತ ಇಳಿಸೀನಿ."

ಅಮಿತ ಅನುಮಾನಿಸುತ್ತ ಎದ್ದ. ಹಾಲ್‌ಗೆ ಹಾಲೇ ಎದ್ದು ಚಪ್ಪಾಳೆ ತಟ್ಟಿತು. ದಾನವ್ವನಿಗೆ ತನ್ನ ಮೇಲೆ ತನಗೇ ಹೆಮ್ಮೆಯಾಯಿತು.

ಪರದೆ ಬಿದ್ದ ಮೇಲೆ ಸಿದ್ದಲಿಂಗಪ್ಪ ಬಂದು ಕೈಮುಗಿದು ನಿಂತ.

"ಪುಸ್ತಕದಾಗ ಆ ಮಾತು ಇರಲಿಲ್ರಿ, ವೈನಿ."

"ಪುಸ್ತಕದಾಗ ಎಲ್ಲಿಂದ ಬರಬೇಕು?" ಅಂದಳು ದಾನವ್ವ, ತಲೆ ಎತ್ತಿ. "ಅದು ನಿಮ್ಮಣ್ಣನ ಹೇಣ್ತಿ ಆಡಿದ ಮಾತು."