ಬೊರೋಕಾಳ ಕೂಗು

ಬೊರೋಕಾಳಿಗೆ ಕತ್ತಿ ಬೀಸಲು ಬರುತ್ತಿತ್ತು, ಕೂಗಲು ಬರುತ್ತಿರಲಿಲ್ಲ. ಬುಡಾಪೆಸ್ಟಿನ ಕತ್ತಿವರಸೆಯ ಮಂದಿ ಇದನ್ನು ಸಣ್ಣ ಕೊರತೆ ಎಂದುಕೊಳ್ಳುವವರಲ್ಲ. ಸೇಬರ್ ಎಂಬ ಕತ್ತಿಯ ಆಟದಲ್ಲಿ ಇಬ್ಬರ ಏಟೂ ಒಟ್ಟಿಗೆ ಬಿದ್ದು, ಏಟು ತಾಗಿದ್ದನ್ನು ತೋರಿಸುವ ಎರಡೂ ಕಡೆಯ ದೀಪ ಹೊತ್ತಿಕೊಂಡರೆ, ಮೊದಲು ಮೇಲೇರಿ ಬಂದವರು ಯಾರು, ಪಾಯಿಂಟು ಯಾರಿಗೆ ಎಂದು ರೆಫರಿ ಹೇಳಬೇಕು. ಅವರು ಬಾಯಿ ತೆರೆಯುವ ಮೊದಲೇ ಇಬ್ಬರೂ ಮುಷ್ಟಿ ಎತ್ತಿ, ಪಾಯಿಂಟು ತಮ್ಮದೇ ಎಂದು ಗಂಟಲು ಹರಿಯುವಂತೆ ಅರಚುತ್ತಾರೆ. ರೆಫರಿಗಳೂ ಮನುಷ್ಯರೇ ತಾನೆ? ಬೊರೋಕಾ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ನಿಲ್ಲುತ್ತಿದ್ದಳು. ಹಾಗೆ ನಿಂತೇ ಆಲ್ಜಿಯರ್ಸಿನಲ್ಲೊಂದು, ಸಿಯೋಲಿನಲ್ಲೊಂದು ಪದಕ ಕಳೆದುಕೊಂಡಿದ್ದಳು.

ಈಗ ವಿಶ್ವ ಚಾಂಪಿಯನ್‌ಶಿಪ್ಪಿಗೆ ಹೊರಟ ತಂಡದಲ್ಲಿ ಉಳಿದಿದ್ದು ಒಂದೇ ಜಾಗ. ಅದಕ್ಕಾಗಿ ಶನಿವಾರ ಎಮೆಶೆ ಎಂಬ ಹತ್ತೊಂಬತ್ತರ ಹುಡುಗಿಯ ಜೊತೆ ಪಂದ್ಯ. ಬೊರೋಕಾಳಿಗೆ ಮೂವತ್ತೆರಡು. ಈ ಸಲ ತಪ್ಪಿದರೆ ಅವಳನ್ನು ಮತ್ತೆ ಕರೆಯುವವರಿಲ್ಲ.

ಅವಳ ಗುರು ಡೆಜೋ ಮಾಮ ಎಪ್ಪತ್ತು ದಾಟಿದವರು. ಪಂದ್ಯದ ಹಿಂದಿನ ದಿನ ಅವಳನ್ನು ಡ್ಯಾನ್ಯೂಬ್ ನದಿಯ ದಡಕ್ಕೆ ಎಳೆದುಕೊಂಡು ಹೋದರು.

"ಹೂಂ, ಕೂಗು."

"ಸುಮ್‌ಸುಮ್ನೆ ಹೆಂಗೆ ಕೂಗ್ಲಿ ಮಾಮ?"

"ನಿನ್ ಪದಕ ಯಾರೋ ಕಿತ್ಕೊಂಡು ಓಡ್ತಿದಾರೆ ಅಂದ್ಕೊ."

ಅವಳು ಕಣ್ಣು ಮುಚ್ಚಿಕೊಂಡು ಕೂಗಿದಳು. ಪಕ್ಕದಲ್ಲಿ ಗಾಳ ಹಾಕಿ ಕುಳಿತಿದ್ದ ಮುದುಕ ತಿರುಗಿ ನೋಡಿದ.

"ಏನಮ್ಮ, ಟೈಮ್ ಎಷ್ಟು ಅಂತ ಕೇಳಿದ್ಯಾ?"

ಮಾಮನಿಗೆ ನಗು ಬಂದು ತಿನ್ನುತ್ತಿದ್ದ ಚೀಸ್ ಬಿಸ್ಕತ್ತು ನೆತ್ತಿಗೇರಿತು.

ಶನಿವಾರ ಸಭಾಂಗಣ ಕಿಕ್ಕಿರಿದಿತ್ತು. ಹದಿನೈದು ಪಾಯಿಂಟು ಮೊದಲು ಮುಟ್ಟಿದವರಿಗೆ ಜಾಗ. ಬೊರೋಕಾಳ ಕಾಲು ಅಂದು ನೆಲದ ಮೇಲೆ ನಿಲ್ಲಲೇ ಇಲ್ಲ. ಅವಳು ಮುಂದಾದಾಗಲೆಲ್ಲ ಎಮೆಶೆ ಅರಚಿ ಅರಚಿ ಸಮ ಮಾಡಿಕೊಂಡಳು. ಎರಡು ದೀಪ ಹೊತ್ತಿದ ಪಾಯಿಂಟುಗಳೆಲ್ಲ ಆ ಕಡೆಗೇ ಹೋದವು. ಸ್ಕೋರು ಹದಿನಾಲ್ಕು, ಹದಿನಾಲ್ಕು.

"ಗಂಟಲು ಕೆಟ್ಟಿದ್ಯಾ ಅಕ್ಕಾ?" ಎಂದು ಎಮೆಶೆ ಮುಖವಾಡದೊಳಗಿಂದ ಕೆಣಕಿದಳು. "ಬಿಸಿನೀರು ತರಿಸ್ಲಾ?"

ಬೊರೋಕಾಳ ಮೈ ಉರಿದುಹೋಯಿತು. ಈ ಸಲ ಏನೇ ಆಗಲಿ ಕೂಗಿಯೇ ಕೂಗುತ್ತೇನೆ ಎಂದು ಹಲ್ಲು ಕಚ್ಚಿದಳು.

"ಶುರು," ಎಂದರು ರೆಫರಿ.

ಎಮೆಶೆ ನುಗ್ಗಿದಳು. ಬೊರೋಕಾ ತಡೆಯಲು ಕತ್ತಿಯ ಕೈ ಎತ್ತಿದಳು. ಎಮೆಶೆಯ ಕತ್ತಿ ಬೊರೋಕಾಳ ಹಿಡಿಯ ಮೇಲೆ ಬೆರಳು ಕಾಯುವ ಲೋಹದ ಬಟ್ಟಲಿಗೆ ಠಣ್ಣನೆ ಬಡಿಯಿತು. ಬಟ್ಟಲಿಗೆ ಬಿದ್ದ ಏಟಿಗೆ ದೀಪ ಹೊತ್ತುವುದಿಲ್ಲ. ಆದರೆ ದೀಪ ನೋಡುವ ವ್ಯವಧಾನ ಎಮೆಶೆಗೆಲ್ಲಿ? ಅಭ್ಯಾಸಬಲ ಅವಳದು. ಆಗಲೇ ರೆಫರಿಯ ಕಡೆ ಹೊರಳಿ, ಎರಡೂ ಕೈ ಮೇಲೆತ್ತಿ ಅರಚುತ್ತಿದ್ದಳು.

ಬೊರೋಕಾಳೂ ಅರಚಲೆಂದು ಬಾಯಿ ತೆರೆದಿದ್ದಳು. ಆದರೆ ಅರಚಬೇಕಾದರೆ ರೆಫರಿಯ ಕಡೆ ತಿರುಗಬೇಕು, ಅವಳ ಕಣ್ಣು ಇಷ್ಟು ವರ್ಷ ಎದುರಾಳಿಯನ್ನು ಬಿಟ್ಟು ಕದಲಿದ್ದೇ ಇಲ್ಲ. ಎದುರಿಗೆ ಆ ಹುಡುಗಿಯ ಪಕ್ಕೆ ಬಾಗಿಲು ತೆಗೆದಿಟ್ಟ ಹಾಗಿತ್ತು. ರೆಫರಿ ನಿಲ್ಲಿ ಎಂದಿರಲಿಲ್ಲ. ತೆರೆದ ಬಾಯಿ ತೆರೆದೇ ಇತ್ತು, ಕೈ ಮಾತ್ರ ತನ್ನ ಪಾಡಿಗೆ ಹೋಗಿ ಬಾರಿಸಿತು.

ಒಂದೇ ದೀಪ ಹೊತ್ತಿಕೊಂಡಿತು. ರೆಫರಿ ತೀರ್ಮಾನಿಸಲು ಏನೂ ಉಳಿದಿರಲಿಲ್ಲ, ಬೊರೋಕಾಳ ಕಡೆ ಕೈ ತೋರಿಸಿದರು.

ಆಗ ಬಂತು ಕೂಗು. ಹೊಟ್ಟೆಯ ಆಳದಿಂದ, ಆಲ್ಜಿಯರ್ಸಿನದು, ಸಿಯೋಲಿನದು ಎಲ್ಲ ಸೇರಿಕೊಂಡು ಬಂತು. ಮೇಲಿನ ಸಾಲಿನವರು ಕಾಫಿ ಚೆಲ್ಲಿಕೊಂಡರು. ಮುಖವಾಡ ತೆಗೆದು, ಕೈ ಕುಲುಕಲು ಕತ್ತಿಯಿಲ್ಲದ ಎಡಗೈ ಚಾಚಿದ ಎಮೆಶೆಯ ಕಣ್ಣಲ್ಲಿ ನೀರಿತ್ತು.

"ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ ಅಕ್ಕಾ?"

ಡೆಜೋ ಮಾಮ ಏದುಸಿರು ಬಿಡುತ್ತ ಓಡಿಬಂದು ಅವಳ ಭುಜ ಹಿಡಿದು ಅಲುಗಾಡಿಸಿದರು.

"ಸಾಕು ಸುಮ್ನಿರೇ. ಪಾಯಿಂಟು ಕೊಟ್ಟಾಯ್ತು, ಇನ್ನೂ ಯಾಕೆ ಕೂಗ್ತೀಯ?"

"ಪಾಯಿಂಟಿಗಲ್ಲ ಮಾಮ," ಎಂದು ಬೊರೋಕಾ ಇನ್ನೊಂದು ಸಲ ಕೂಗಿದಳು.